ಮುಖ ಬರದ ಫೋನು

ಗಾಜಿನ ಮೇಲಿನ ತೆಳು ಹಾಳೆಯನ್ನ ಅಂಗಡಿಯವನು ಉಗುರಲ್ಲಿ ಎತ್ತಿ ಎಳೀತಾನೆ, ಸರ್ರಂತ ಬರುತ್ತೆ, ಹೊಸ ಫೋನು ಕಪ್ಪಗೆ ಮಿಂಚುತ್ತೆ, ಅದರೊಳಗೆ ನನ್ನ ಮೂಗು, ನನ್ನ ಕನ್ನಡಕ, ಕೂದಲಲ್ಲಿ ಪ್ಲಾಸ್ಟರಿನ ಪುಡಿ — ಹಲ್ಲು ಕಟ್ಟೋ ಲ್ಯಾಬಿಂದ ನೇರ ಬಂದಿದೀನಲ್ಲ, ಮುಖ ತೊಳೆಯೋಕೂ ಪುರುಸೊತ್ತಾಗಲಿಲ್ಲ, ಇನ್ನೂ ಎರಡು ಸೆಟ್ಟು ಹಲ್ಲು ಮೇಣದಲ್ಲಿ ಕೂರಿಸೋದು ಬಾಕಿ — ಹಳೇದನ್ನ ಕೊಡಿ ಮೇಡಂ, ನಿಮ್ಮ ತಮ್ಮ ಎಲ್ಲಾ ಮಾತಾಡಿದಾರೆ, ಎಕ್ಸ್‌ಚೇಂಜಿಗೆ ಇದೊಂದು ಕೊಟ್ಟುಬಿಟ್ಟರೆ ಮುಗೀತು. ಮುಗೀತಂತೆ. ಕೈ ಬ್ಯಾಗಿನೊಳಗೇ ಇದೆ, ಹಳೇ ಫೋನನ್ನ ಹಿಡ್ಕೊಂಡೇ ಇದೆ, ಬಿಡ್ತಾ ಇಲ್ಲ. ಐದು ಮುಕ್ಕಾಲು. ಆರಕ್ಕೆ ಅಮ್ಮ ಕಾಯ್ತಾಳೆ, ನನಗಲ್ಲ, ಅಕ್ಕನಿಗೆ. ಅಕ್ಕ ಸತ್ತು ಮೂರು ವರ್ಷ ಆಯ್ತು.

ಯಾರು ಶುರುಮಾಡಿದ್ದು ಇದನ್ನ, ತಮ್ಮನೇ ತಾನೇ, ಈಗ ದೊಡ್ಡ ಮನುಷ್ಯನ ಹಾಗೆ ಹೊಸ ಫೋನು ಕೊಡಿಸೋನೂ ಅವನೇ. ಮರೆವು ಹತ್ತಿದ ಮೇಲೆ, ಊರಲ್ಲಿ ತಮ್ಮನ ಮನೇಲಿರೋ ಅಮ್ಮ ದಿನಾ ಸಂಜೆ ಕೇಳೋಳಂತೆ, ದೊಡ್ಡೋಳು ಯಾಕೆ ಫೋನ್ ಮಾಡಲಿಲ್ಲ, ದೊಡ್ಡೋಳೆಲ್ಲಿ, ಮೊದಮೊದಲು ನಿಜ ಹೇಳಿದ್ರು, ಪ್ರತಿ ಸಲವೂ ಅವಳಿಗೆ ಅದು ಹೊಸ ಸಾವು, ಪ್ರತಿ ಸಲವೂ ಎದೆ ಬಡ್ಕೊಂಡು ಅತ್ತಳು, ಹಾಗೆ ಆ ಮನೇಲಿ ನಾಲ್ಕು ಸಲ ಸತ್ತಳು ನಮ್ಮಕ್ಕ. ನಾನು ಫೋನ್ ಮಾಡಿದ್ರೆ ದೊಡ್ಡೋಳಾ ಅನ್ನೋಳು, ಅಲ್ಲಮ್ಮಾ ನಾನು ಅಂದ್ರೆ, ಓ ನೀನಾ. ಅಷ್ಟೇ, ಓ ನೀನಾ ಅಂದು ಫೋನನ್ನ ತಮ್ಮನ ಕೈಗೆ ದಾಟಿಸಿಬಿಡೋಳು, ಬೇಡದ ಪಾರ್ಸಲ್ ಬಂದ ಹಾಗೆ. ಕೊನೆಗೆ ತಮ್ಮ ಅಂದ, ಚಿಕ್ಕಕ್ಕಾ, ಇನ್ನೊಂದ್ಸಲ ದೊಡ್ಡೋಳಾ ಅಂದ್ರೆ ಹೂಂ ಅಂದುಬಿಡು, ನಿನ್ನ ಗಂಟೇನು ಹೋಗುತ್ತೆ. ಅಂದೆ. ಒಂದು ಹೂಂ. ಆ ಕಡೆ ಅಮ್ಮನ ದನಿ ಕರಗಿ ನೀರಾಯ್ತು, ಬಂಗಾರಾ ಅಂದಳು, ಊಟ ಆಯ್ತಾ ಬಂಗಾರಾ, ಕಾಲುನೋವು ಹೇಗಿದೆ — ಆವಾಗ ನನಗೆ ಐವತ್ತು, ಐವತ್ತು ವರ್ಷದಲ್ಲಿ ಆ ಬಾಯಿಂದ ನನ್ನ ಕಿವಿಗೆ ಆ ಮಾತು ಬಿದ್ದಿದ್ದು ಅವತ್ತೇ ಮೊದಲು, ಅದೂ ಇನ್ನೊಬ್ಬಳ ಹೆಸರಿಗೆ. ಹೊಟ್ಟೆ ಉರೀತು. ಆದ್ರೂ ಮಾರನೇ ದಿನ ಆರಕ್ಕೆ ಸರಿಯಾಗಿ ಮತ್ತೆ ಮಾಡಿದೆ.

ಎರಡು ವರ್ಷದಿಂದ ದಿನಾ ಆರು ಗಂಟೆಗೆ ನಾನು ಅಕ್ಕ. ದನಿ ಸ್ವಲ್ಪ ಇಳಿಸ್ತೀನಿ, ನಿಧಾನ ಮಾಡ್ತೀನಿ, ಅಕ್ಕ ಮಾತಿಗೊಂದ್ಸಲ ಅಲ್ವೇನಮ್ಮಾ ಅನ್ನೋಳು, ಅದನ್ನೂ ಸೇರಿಸ್ತೀನಿ, ಲ್ಯಾಬಲ್ಲಿ ಎಲ್ರೂ ಹೊರಟ ಮೇಲೆ, ಯಾರ್ಯಾರದೋ ದವಡೆ ಅಚ್ಚುಗಳ ಮಧ್ಯೆ ಕೂತು — ಊರವರ ಬಾಯೆಲ್ಲ ನನಗೆ ಗೊತ್ತು, ಮುಖ ಒಂದೂ ಗೊತ್ತಿಲ್ಲ — ಅಲ್ಲಿ ಕೂತು ನನ್ನ ಮೇಲಿನ ದೂರನ್ನ ನಾನೇ ಕೇಳಿಸ್ಕೋತೀನಿ. ಆ ಚಿಕ್ಕೋಳು ಒಂದು ದಿನಕ್ಕಾದ್ರೂ ಫೋನ್ ಮಾಡಿದ್ರೆ ಕೇಳು, ಕಲ್ಲು ಮನಸ್ಸು ಕಣೇ ಅದರದ್ದು. ಹೂಂ ಅಮ್ಮ. ಒಂದ್ಸಲ ತಡ್ಕೊಳ್ಳೋಕಾಗದೆ ಕೇಳೇಬಿಟ್ಟೆ, ಅವಳು ನಿನಗೆ ಹಲ್ಲಿನ ಸೆಟ್ಟು ಮಾಡಿಕೊಟ್ಟಳಲ್ಲಮ್ಮಾ — ಎಂಟು ದಿನ ಕೂತು ಜೋಡಿಸಿದ್ದೆ, ಅಮ್ಮನ ಹಳೇ ಫೋಟೋ ಎದುರಿಗಿಟ್ಕೊಂಡು, ಮುಂದಿನ ಎರಡು ಹಲ್ಲು ಒಂಚೂರು ಒಂದರ ಮೇಲೊಂದು ಏರಿತ್ತು, ಹಾಗೇ ಕೂರಿಸಿದ್ದೆ, ನಕ್ಕರೆ ಅವಳು ಅವಳ ಹಾಗೇ ಕಾಣಲಿ ಅಂತ — ಅಯ್ಯೋ, ಅದು ನೀನು ಮಾಡಿಸಿಕೊಟ್ಟಿದ್ದಲ್ವೇನೇ ಬಂಗಾರಾ, ಅವಳ್ಯಾಕೆ ಮಾಡ್ತಾಳೆ. ಅದಕ್ಕೂ ಹೂಂ. ನಾನು ಕಟ್ಟಿದ ಹಲ್ಲಲ್ಲೇ ನನ್ನನ್ನ ಜಗೀತಾಳೆ. ಹೋದ ವರ್ಷ ರಜಾ ಹಾಕಿ ಹೋದೆನಲ್ಲ, ಐದು ಗಂಟೆ ಹೊತ್ತು ಬಸ್ಸಲ್ಲಿ ಕೂತು, ಬಾಗಿಲಲ್ಲಿ ಕಂಡ ಕೂಡಲೇ ಗುರುತು ಹಿಡಿದಳು, ಏನೆಲ್ಲ ಮರೆತರೂ ನನ್ನ ಮುಖ ಮರೆತಿಲ್ಲ ಪುಣ್ಯಾತ್ಗಿತ್ತಿ, ಓ ನೀನಾ. ಆರು ಗಂಟೆ ಹತ್ತಿರ ಬಂದ ಹಾಗೆ ಕೂತಲ್ಲಿ ಕೂರಲಿಲ್ಲ, ದೊಡ್ಡೋಳ ಫೋನು, ದೊಡ್ಡೋಳ ಫೋನು, ತಮ್ಮ ನನ್ನ ಕಡೆ ನೋಡಿದ, ತಮ್ಮನ ಹೆಂಡತಿ ನೆಲ ನೋಡಿದಳು, ನಾನು ಮೆಟ್ಟಿಲು ಹತ್ತಿ ಮಹಡಿ ಮೇಲೆ ನೀರಿನ ಟ್ಯಾಂಕಿನ ಪಕ್ಕ ನಿಂತು ಕೆಳಗಿನ ಅದೇ ಮನೆಗೆ ಫೋನ್ ಮಾಡಿದೆ. ಬಂಗಾರಾ, ಬಂದಿದಾಳೆ ಕಣೇ ಆ ಚಿಕ್ಕೋಳು, ಬಂದಾಗಿಂದ ಇಲ್ಲೇ ಠಿಕಾಣಿ ಹೂಡಿದಾಳೆ, ಯಾವಾಗ ಹೋಗ್ತಾಳೋ. ನಾಳೆ ಹೋಗ್ತಾಳಂತಮ್ಮಾ ಅಂದೆ. ಬೆಳಗ್ಗೆ ಮೊದಲ ಬಸ್ಸಿಗೇ ಹೊರಟೆ, ಇನ್ನೂ ಎರಡು ದಿನ ರಜಾ ಇತ್ತು.

ಈಗ ಡಾಕ್ಟರು ಹೇಳಿದಾರಂತೆ, ಮನೆಯವರ ಮುಖ ದಿನಾ ತೋರಿಸಿ, ಯಾರು ಅಂತ ಕೇಳ್ತಾ ಇರಿ, ಇರೋ ನೆನಪಾದ್ರೂ ಉಳಿಯುತ್ತೆ. ತಮ್ಮನಿಗೆ ಜ್ಞಾನೋದಯ ಆಯ್ತು, ಎಷ್ಟು ದಿನ ಅಂತ ದೊಡ್ಡಕ್ಕ ಆಗಿರ್ತೀಯ, ನಮಗೇ ಪಾಪ ಅನ್ಸುತ್ತೆ, ಇನ್ಮೇಲೆ ವೀಡಿಯೊದಲ್ಲಿ ಬಾ, ನೀನು ನೀನಾಗಿರು. ಆಹಾ. ಹೂಂ ಅನ್ನು ಅಂದೋನೂ ಅವನೇ, ಅನ್ನಬೇಡ ಅನ್ನೋನೂ ಅವನೇ. ನನ್ನ ಫೋನಲ್ಲಿ ಮುಖ ಬರಲ್ಲಪ್ಪಾ ಅಂತ ಇಷ್ಟು ದಿನ ತಪ್ಪಿಸ್ಕೊಂಡೆ, ಸುಳ್ಳೇನಲ್ಲ, ಲ್ಯಾಬಲ್ಲಿ ಕೈಜಾರಿ ಬಿದ್ದು ಮುಂದಿನ ಕ್ಯಾಮೆರಾ ಹೋಗಿತ್ತು, ರಿಪೇರಿಯವನು ಅರ್ಧ ಗಂಟೆ ಕೆಲಸ ಅಂದ, ನಾನು ಬೇಡ ಅಂದೆ. ಬೇಡ ಅಂದಿದ್ದು ಯಾಕೆ, ಅಮ್ಮನಿಗೆ ಅಕ್ಕ ಐದನೇ ಸಲ ಸಾಯಬಾರದು ಅಂತಾನಾ, ಹಾಗಂತ ಹೇಳ್ಕೊಂಡು ತಿರುಗೋಕೆ ಚೆನ್ನಾಗಿದೆ, ನಿಜ ಬೇರೆ, ಆ ಬಂಗಾರಾ ತಪ್ಪಿಹೋಗುತ್ತಲ್ಲ ಅಂತ, ಕದ್ದಿದ್ದಾದ್ರೂ ದಿನಾ ಆರಕ್ಕೆ ಸಿಗುತ್ತಲ್ಲ. ಮತ್ತೆ ಈ ಮನಸ್ಸು, ನಾಚಿಕೆಗೆಟ್ಟದ್ದು, ಇನ್ನೊಂದನ್ನೂ ಆಸೆಪಡುತ್ತೆ — ಮುಖ ನೋಡಿದ ಮೇಲೆ, ದಿನಾ ಮಾತಾಡ್ತಿದ್ದಿದ್ದು ನೀನೇನಾ, ನೀನೇನಾ ಬಂಗಾರಾ ಅಂದುಬಿಟ್ಟರೆ? ಮೊನ್ನೆ ಕನ್ನಡಿ ಮುಂದೆ ನಿಂತು ನಾನೇ ಅಮ್ಮಾ ಅಂತ ಹೇಳಿ ನೋಡ್ಕೊಂಡೆ, ನಕ್ಕು ಒಂದ್ಸಲ, ನಗದೆ ಒಂದ್ಸಲ, ಹುಚ್ಚಿ. ಅನ್ನಲ್ಲ ಅವಳು. ಅಕ್ಕನ ಹೆಣದ ಪಕ್ಕ ಕೂತು ಏನಂದಳು, ಆಗಿನ್ನೂ ಬುದ್ಧಿ ನೆಟ್ಟಗೇ ಇತ್ತು, ದೇವರಿಗೆ ಕಣ್ಣಿಲ್ವಾ, ಇವಳನ್ನೇ ಕರ್ಕೋಬೇಕಿತ್ತಾ, ಇಲ್ಲಿ — ಅಷ್ಟರಲ್ಲಿ ನಾನು ಕಂಡೆ, ನಿಲ್ಲಿಸಿದಳು. ಇಲ್ಲಿ ಇನ್ನೊಂದು ಇತ್ತಲ್ಲ. ಅದನ್ನ ಅವಳು ಹೇಳಲಿಲ್ಲ, ನಾನೇ ತುಂಬ್ಕೊಂಡೆ.

ಸಿಮ್ ತೆಗೆದು ಹಾಕಿಬಿಡ್ಲಾ ಮೇಡಂ, ನನಗೂ ಬೇರೆ ಗಿರಾಕಿಗಳಿದಾರೆ. ಕೊಟ್ಟೆ, ಕೈ ತಾನಾಗೇ ಕೊಡ್ತು, ನೀನೇನಾ ಬಂಗಾರಾ ಅಂತ ಕೇಳೋ ಆಸೆಗೆ ಕೊಡ್ತು. ಸೂಜಿ ಚುಚ್ಚಿದ, ಸಿಮ್ ಹೊಸದಕ್ಕೆ ಹೋಯ್ತು, ಹಳೇದನ್ನ ಡ್ರಾಯರಿಗೆ ಹಾಕಿದ, ಅಲ್ಲಿ ಅಂಥವು ಇನ್ನೂ ಹತ್ತು ಬಿದ್ದಿದ್ದವು, ವೀಡಿಯೊ ಬರೋ ಹಾಗೆ ಎಲ್ಲಾ ಮಾಡಿಟ್ಟಿದೀನಿ ಮೇಡಂ, ನಿಮ್ಮ ತಮ್ಮನಿಗೂ ಮೆಸೇಜು ಹೋಯ್ತು. ಆರು. ಫೋನು ಕೌಂಟರಿನ ಮೇಲೆ ಅಲುಗುತ್ತೆ, ತಮ್ಮನದು, ಹಸಿರು ಒತ್ತಿ ಮೇಡಂ ಅಂತಾನೆ ಅಂಗಡಿಯವನು, ಪಕ್ಕದಲ್ಲಿ ಕೆಂಪೂ ಇದೆ, ಕೂದಲಿನ ಪುಡಿ ಒರೆಸ್ಕೋತೀನಿ, ಹಸಿರು — ಫ್ಯಾನು, ಗೋಡೆ, ತಮ್ಮನ ಹೆಬ್ಬೆರಳು, ತಗೋಮ್ಮಾ, ಯಾರು ಅಂತ ನೋಡು, ನಾನು ಬಾಯಿ ತೆರೆದಾಗಿದೆ, ನಾನೇ ಅಮ್ಮಾ ಅನ್ನೋಕೆ, ನಕ್ಕೊಂಡು ಅನ್ನೋಣ ಅಂತ, ಪರದೆ ಪೂರ್ತಿ ಕತ್ತಲು, ಆಮೇಲೆ ಬಿಳಿ ಕೂದಲು, ಚರ್ಮ, ಕಿವಿ. ಕಿವಿಗಿಟ್ಕೊಂಡಿದಾಳೆ. ದಿನಾ ಇಟ್ಕೊಳ್ಳೋ ಹಾಗೇ, ಪಾಪ, ಅವಳಿಗೇನು ಗೊತ್ತು. ದೊಡ್ಡೋಳಾ? ಎಷ್ಟು ಹತ್ತಿರ ಇದೆ, ಓಲೆ ತೂತು ಉದ್ದಕ್ಕೆ ಜಗ್ಗಿದೆ, ಸುತ್ತ ಸುಕ್ಕು, ಒಳಗೊಂದು ಬಿಳಿ ರೋಮ, ಇಷ್ಟು ಹತ್ತಿರ ನನ್ನನ್ನ ಯಾವತ್ತು ಬಿಟ್ಕೊಂಡಿದ್ದಳು. ಹಿಂದಿಂದ ತಮ್ಮ, ಕಿವಿಗಲ್ಲಮ್ಮಾ, ಮುಂದೆ ಹಿಡ್ಕೊ, ಅದರಲ್ಲಿ ಮುಖ ಬರುತ್ತೆ, ಅವನ ಬೆರಳು ಅಂಚಿಗೆ ಬರುತ್ತೆ, ತಿರುಗಿಸೋಕೆ — ಬೇಡ, ಬೇಡಮ್ಮಾ, ಹಾಗೇ ಇಟ್ಕೊ, ತೆಗೀಬೇಡ, ನಾನೇ, ದೊಡ್ಡೋಳು, ಅಲ್ವೇನಮ್ಮಾ — ಬಂಗಾರಾ, ಅಂತಾಳೆ, ಕಿವಿ ಇನ್ನೂ ಒತ್ತಿ ಬರುತ್ತೆ, ಗಾಜಿಗೆ ಅಂಟಿ ಬೆಳ್ಳಗಾಗುತ್ತೆ, ಕಿವಿ, ಬೇರೇನೂ ಇಲ್ಲ, ಪರದೆ ತುಂಬ ಕಿವಿ