ಸೊನ್ನೆ ಹಿಡಿದ ತೂತು

ವರ್ಲಾ ಶಾಕ್ ಅವರ ಬೂದು ಬಣ್ಣದ ಕಾರು ಮೂರು ದಿನದಿಂದ ನಮ್ಮ ಗ್ಯಾರೇಜಿನ ಎಳೆಯುವ ಕಟ್ಟೆಯ ಮೇಲಿತ್ತು. ಜಿಂಕೆಯೊಂದಕ್ಕೆ ಗುದ್ದಿ ಅದರ ಮೂತಿ ಬಲಕ್ಕೆ ಸೊಟ್ಟಗಾಗಿತ್ತು. ಕಾರಿನ ಉಕ್ಕಿನ ಚೌಕಟ್ಟನ್ನು ಸರಪಳಿ ಹಾಕಿ ಎಳೆದು ನೆಟ್ಟಗೆ ಮಾಡುವುದು ಅರ್ವಿಡ್ ಅವರ ಕೆಲಸ. ಪ್ರತಿ ಎಳೆತದ ನಂತರ ಅಳತೆ ಬರೆದುಕೊಳ್ಳುವುದು ನನ್ನದು. ಪದವಿ ಮುಗಿಸಿ ನಾರ್ತ್ ಡಕೋಟಾಕ್ಕೆ ಮರಳಿದ ಮೇಲೆ, ಹೆಚ್ಚು ಮಾತಾಡಬೇಕಿಲ್ಲವೆಂದೇ ಈ ಕೆಲಸ ಒಪ್ಪಿಕೊಂಡಿದ್ದೆ.

ವರ್ಲಾ ಅವರ ಕಾಲುಗಳಲ್ಲಿ ಶಕ್ತಿಯಿಲ್ಲ. ಬ್ರೇಕು, ವೇಗ ಎರಡನ್ನೂ ಕೈಯಿಂದಲೇ ನಡೆಸುವಂತೆ ಆ ಕಾರನ್ನು ಅವರಿಗಾಗಿ ಮಾರ್ಪಡಿಸಲಾಗಿತ್ತು. ಅದು ಗುಜರಿಗೆ ಹೋದರೆ ಅವರು ಎಲ್ಲದಕ್ಕೂ ತಂಗಿಯನ್ನು ಕರೆಯಬೇಕು.

"ಅವಳ ಕಾರಲ್ಲಿ ರೇಡಿಯೋ ಇಲ್ಲ ಕಣೆ," ಎಂದಿದ್ದರು ನನಗೆ. "ದಾರಿಯುದ್ದಕ್ಕೂ ಅವಳೇ ಮಾತಾಡ್ತಾಳೆ."

ಶುಕ್ರವಾರ ಮಧ್ಯಾಹ್ನದೊಳಗೆ ಅಳತೆ ಕೂಡದಿದ್ದರೆ ಗುಜರಿಯೆಂದು ಬರೆದುಬಿಡುವುದಾಗಿ ಅರ್ವಿಡ್ ಹೇಳಿದ್ದರು. ಶುಕ್ರವಾರ ಬಂದಿತ್ತು. ಮೂತಿಯ ಎಡಗಡೆ ಕೂಡಿಸಿದರೆ ಬಲಗಡೆ ಎಂಟು ಮಿಲಿಮೀಟರ್ ತಪ್ಪುತ್ತಿತ್ತು. ಬಲಗಡೆ ಕೂಡಿಸಿದರೆ ಎಡಗಡೆ. ನನ್ನ ಪುಸ್ತಕದಲ್ಲಿ ಎಂಟು ಮಾತ್ರ ಮತ್ತೆ ಮತ್ತೆ ಬರುತ್ತಿತ್ತು. ಉಕ್ಕು ಇಷ್ಟು ಹಟ ಮಾಡುತ್ತದೆಯೇ, ಅಥವಾ ನಾವೇ ಅದಕ್ಕೆ ತಪ್ಪು ಪ್ರಶ್ನೆ ಕೇಳುತ್ತಿದ್ದೇವೆಯೇ?

ಎಲ್ಲರೂ ಊಟಕ್ಕೆ ಹೋದಾಗ ಟಾರ್ಚು ಹಿಡಿದು ಕಾರಿನಡಿ ಮಲಗಿದೆ. ಕಾರಿನ ನಡುಭಾಗದಲ್ಲಿ ನಾಲ್ಕು ದುಂಡು ತೂತುಗಳಿರುತ್ತವೆ. ನಡುಭಾಗ ಸಾಮಾನ್ಯವಾಗಿ ಕೆಡುವುದಿಲ್ಲ, ಹಾಗಾಗಿ ಅಳತೆ ಶುರುವಾಗುವ ಸೊನ್ನೆ ಅಲ್ಲಿಂದಲೇ. ನಾಲ್ಕನ್ನೂ ಒಂದಕ್ಕೊಂದು ತಾಳೆ ನೋಡಬೇಕೆಂಬುದು ನಿಯಮ. ಮೂವತ್ತು ವರ್ಷದ ಅನುಭವಿ ಅರ್ವಿಡ್ ಮುಂದಿನ ಎರಡನ್ನಷ್ಟೇ ಹಿಡಿದು ಸೊನ್ನೆ ಇಟ್ಟಿದ್ದರು. ಆ ಎರಡಕ್ಕೂ ಬೆರಳು ತೂರಿಸಿದೆ. ಎಡಗಡೆಯದು ದುಂಡಗಿತ್ತು. ಬಲಗಡೆಯದು ಮೊಟ್ಟೆಯಂತೆ ಉದ್ದವಾಗಿತ್ತು. ಅದರ ಅಂಚು ಮುಂದಕ್ಕೆ ಸುರುಳಿಯಾಗಿ, ಕಂದು ತುಕ್ಕು ಹಿಡಿದಿತ್ತು. ಜಿಂಕೆ ಗುದ್ದಿ ಹತ್ತೇ ದಿನ. ಈ ತುಕ್ಕು ಹಳೆಯದು. ಜಿಂಕೆಗೂ ಮೊದಲೇ ಏನೋ ಈ ತೂತನ್ನು ಮುಂದಕ್ಕೆ ಎಳೆದಿತ್ತು, ಅದರ ಜೊತೆ ನಮ್ಮ ಸೊನ್ನೆಯೂ ಸರಿದಿತ್ತು.

ಹೊರಬಂದಾಗ ಪ್ಲಮ್ ಹಣ್ಣಿನ ಕೇಕು, ಕೂಕನ್, ಇದ್ದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ವರ್ಲಾ ಗಾಲಿಕುರ್ಚಿಯಲ್ಲಿ ಕಾಯುತ್ತಿದ್ದರು. ಗುಜರಿಯೆಂದು ಬರೆಯಲು ಅರ್ವಿಡ್ ಪೆನ್ನು ಕೈಗೆತ್ತಿಕೊಂಡಿದ್ದರು. ಅರ್ವಿಡ್ ಅವರಿಗೆ ಹೇಳಲಾಗದೆ ವರ್ಲಾರನ್ನೇ ಕೇಳಿದೆ, ಕಳೆದ ಚಳಿಗಾಲದಲ್ಲಿ ಕಾರು ರಸ್ತೆಬದಿಯ ಹಳ್ಳಕ್ಕೆ ಇಳಿದಿತ್ತೇ ಎಂದು.

"ಇಳೀದೇ ಇರೋ ಚಳಿಗಾಲ ಯಾವುದಿದೆ? ಪಕ್ಕದ್ಮನೆ ಗೇಲನ್ ಟ್ರಕ್ ತಂದು ಎಳೆದ."

"ಕೊಕ್ಕೆ ಎಲ್ಲಿ ಹಾಕಿದ್ರು?"

"ಕೆಳಗೆ ಯಾವುದೋ ದುಂಡು ತೂತಿಗೆ. ಇದಕ್ಕೇ ಅಂತ ಕೊರೆದಿಟ್ಟಿದ್ದಾರೆ ನೋಡು ಅಂದ."

ಅರ್ವಿಡ್ ಪೆನ್ನು ಕೆಳಗಿಟ್ಟರು. ಟಾರ್ಚು ತೆಗೆದುಕೊಂಡು ಕಾರಿನಡಿ ಹೋದರು. ಅವರ ಬೂಟುಗಳಷ್ಟೇ ಕಾಣುತ್ತಿದ್ದವು, ಅವೂ ತುಂಬ ಹೊತ್ತು ಅಲುಗಲಿಲ್ಲ.

"ಪ್ರೊಫೆಸರಮ್ಮ," ಎಂದು ನನ್ನನ್ನು ಕರೆಯಿತು ಕೆಳಗಿನಿಂದ ಅವರ ದನಿ, "ಉಳಿದ ಮೂರು ತೂತಿಂದ ಮತ್ತೆ ಸೊನ್ನೆ ಇಡೋಣ. ಪುಸ್ತಕ ತಗೊಂಬಾ."

ಹೊಸ ಸೊನ್ನೆಯಿಂದ ನೋಡಿದರೆ ಮೂತಿಯ ಬಲಗಡೆಯನ್ನು ನಾವೇ ಅಗತ್ಯಕ್ಕಿಂತ ಎಂಟು ಮಿಲಿಮೀಟರ್ ಹೆಚ್ಚು ಎಳೆದಿದ್ದೆವು. ಸರಪಳಿಯನ್ನು ತಿರುಗಿಸಿ ಕಟ್ಟಿ ಅದನ್ನು ಹಿಂದಕ್ಕೆ ತಂದೆವು. ಗೇಲನ್ ಎಳೆದ ತೂತಿನ ಮೂಲೆಯನ್ನೂ ಸ್ವಸ್ಥಾನಕ್ಕೆ ಕೂರಿಸಿದೆವು. ಸಂಜೆ ನಾಲ್ಕಕ್ಕೆ ಪುಸ್ತಕದಲ್ಲಿ ಎಡಕ್ಕೂ ಬಲಕ್ಕೂ ಒಂದೇ ಅಂಕಿ ಬರೆದೆ, ನಂಬಲಾಗದೆ ಇನ್ನೊಮ್ಮೆ ಅಳೆದೆ. ಅಷ್ಟರಲ್ಲಿ ಕೂಕನ್ ಖಾಲಿಯಾಗಿತ್ತು.

ಬಣ್ಣವೆಲ್ಲ ಮುಗಿದು ಎರಡು ವಾರದ ಮೇಲೆ ವರ್ಲಾ ಕಾರು ಒಯ್ಯಲು ಬಂದರು. ಅರ್ವಿಡ್ ಡಿಕ್ಕಿಯ ಮೂಲೆಯಿಂದ ಒಂದು ಉಕ್ಕಿನ ಕೊಂಡಿ ತೆಗೆದು ಕೊಟ್ಟರು. ಎಳೆಯಲೆಂದೇ ಕಾರಿನ ಜೊತೆ ಬಂದದ್ದು, ಇನ್ನೂ ಪ್ಲಾಸ್ಟಿಕ್ ಸುತ್ತಿದ್ದ ಹಾಗೇ ಇತ್ತು. ಮುಂದೆ ಇದಕ್ಕೇ ಕೊಕ್ಕೆ ಹಾಕುವಂತೆ ಗೇಲನ್‌ಗೆ ತಾನೇ ಹೇಳುತ್ತೇನೆ ಎಂದರು.

"ಬೇಡಪ್ಪ," ಎಂದರು ವರ್ಲಾ, ಕೊಂಡಿಯನ್ನು ತೊಡೆಯ ಮೇಲಿಟ್ಟುಕೊಂಡು. "ತೂತಿನ ವಿಷಯ ಗೊತ್ತಾದ್ರೆ ಅವನು ಮತ್ತೆ ಕೊಕ್ಕೆ ಮುಟ್ಟಲ್ಲ. ನನಗೆ ಜನವರಿಗೆ ಅವನು ಬೇಕು."

ಕೈಯಲ್ಲೇ ವೇಗ ಕೊಟ್ಟು ಅವರು ಗೇಟು ದಾಟಿದರು. ಮುಖ್ಯರಸ್ತೆಗೆ ತಿರುಗುವಾಗ ಕಾರು ಯಾವ ಕಡೆಗೂ ಎಳೆಯಲಿಲ್ಲ.