ಏಳನೇ ಲೈನಿನ ಬಿಲ್ಲೆ

“ನಿಂಗ್ ಉಚ್ಚೆ ಬಂತು ಅಂತ ಕಂಪ್ನಿ ಮಿಷಿನ್ ನಿಲ್ಲುಸ್ಬೇಕೇನಮ್ಮಿ? ತಡ್ಕೊ. ಬಿಲ್ಲೆ ಇನ್ನೂ ಬಂದಿಲ್ಲ.”

ಸೂಪರ್‌ವೈಸರ್ ಚಲುವರಾಜು ಇದನ್ನು ಲೈನಿಗೆಲ್ಲ ಕೇಳುವಂತೆ ಹೇಳಿದ. ಎದ್ದು ನಿಂತಿದ್ದ ಪಟ್ಟಲಮ್ಮ ತೊಡೆ ಬಿಗಿಹಿಡಿದು ಕೂತಳು. ಅಂಗಿಯ ತೋಳು ಮತ್ತೆ ಸೂಜಿಯಡಿ ಓಡತೊಡಗಿತು.

ಮದ್ದೂರಿನ ಹತ್ತಿರದ ಆ ಗಾರ್ಮೆಂಟ್ಸಿನಲ್ಲಿ ಲೈನಿಗೊಂದು ಬಿಲ್ಲೆ. ಅಂಗೈಯಗಲದ ಮರದ ತುಂಡು, ಅದಕ್ಕೊಂದು ದಾರ. ಪಾಯಿಖಾನೆಗೆ ಹೋಗಬೇಕಾದವಳು ಚಲುವರಾಜುವಿನ ಮೇಜಿನ ಮುಂದೆ ಬಂದು ಕತ್ತು ಬಗ್ಗಿಸಬೇಕು. ಅವನು ಮೊಳೆಯಿಂದ ಬಿಲ್ಲೆ ತೆಗೆದು ಕೊರಳಿಗೆ ಹಾಕುತ್ತಾನೆ. ಅವಳು ವಾಪಸು ಬಂದು ಅದನ್ನು ಕಳಚಿ ಕೊಡುವವರೆಗೆ ಆ ಲೈನಿನಲ್ಲಿ ಇನ್ಯಾರಿಗೂ ಉಚ್ಚೆ ಬರಬಾರದು. ಹಾಗಾಗಿ ಯಾರೂ ನೀರು ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ತುಂಬಿಸಿಕೊಂಡು ಬಂದ ಬಾಟಲಿ ಸಂಜೆ ತುಂಬಿಕೊಂಡೇ ಮನೆಗೆ ಹೋಗುತ್ತಿತ್ತು. ಕೆಳಹೊಟ್ಟೆಯ ಉರಿಗೆಂದು ಮಳವಳ್ಳಿ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ, “ನೀರು ಜಾಸ್ತಿ ಕುಡೀರಿ” ಎಂದಿದ್ದರು. ಪಟ್ಟಲಮ್ಮ ಹೂಂ ಎಂದು ತಲೆಯಾಡಿಸಿ ಬಂದಿದ್ದಳು.

ಚಲುವರಾಜು ತಡ್ಕೊ ಎಂದ ಆವತ್ತೇ ಮಧ್ಯಾಹ್ನ ಅವಳಿಗೆ ಆಫೀಸಿನಿಂದ ಕರೆ ಬಂತು. ಕೆಲಸಕ್ಕೆ ಜನ ತೆಗೆದುಕೊಳ್ಳುವ ಮ್ಯಾನೇಜರು ಪಾರ್ಥಸಾರಥಿ, “ಬನ್ನಿ, ಕೂತ್ಕೊಳ್ಳಿ” ಎಂದ. ಬೈಗುಳಕ್ಕೆ ಒಗ್ಗಿಹೋಗಿದ್ದ ಮೈ ಈ ಬಹುವಚನಕ್ಕೆ ಬಿಗಿಯಾಯಿತು. ಅವಳು ನಿಂತೇ ಇದ್ದಳು.

“ಮಿಷನ್‌ಗಳು ಖಾಲಿ ಬಿದ್ದಿವೆ ಕಣ್ರೀ. ಹುಡುಗೀರು ಬರ್ತಿಲ್ಲ, ಬಂದೋರು ನಿಲ್ತಿಲ್ಲ. ಒಳ್ಳೇ ಜನಾನ ಆಕರ್ಷಿಸಿ, ಆಕರ್ಷಿಸಿ ಅಂತ ಬೆಂಗಳೂರಿಂದ ನನಗೆ ದಿನಾ ಪೂಜೆ. ಭಾನುವಾರ ಹಲಗೂರಲ್ಲಿ ಉದ್ಯೋಗ ಮೇಳ ಇಟ್ಟಿದೀವಿ. ನಾನು ಹೇಳಿದ್ರೆ ಯಾರು ನಂಬ್ತಾರೆ? ನಿಮ್ಮಂಥೋರು ಹೇಳ್ಬೇಕು.”

“ನಂಗೇನ್ ಮಾತ್ ಬತ್ತದೆ ಸಾ?”

“ಕಂಪನಿ ತವರುಮನೆ ಇದ್ದ ಹಾಗಿದೆ ಅನ್ನಿ. ಅಷ್ಟು ಸಾಕು.”

ಬಾಗಿಲಲ್ಲಿ ನಿಂತಿದ್ದ ಚಲುವರಾಜು ಹಲ್ಲು ಕಿರಿದ. “ಇವ್ಕೆ ತವ್ರುಮನೆಗಿಂತ್ಲೂ ಮೇಲು ಬುಡಿ ಸಾ. ಇವ್ರಜ್ಜೀನ ನಮ್ಮೂರ್ ಬಾವಿ ತಾವಕ್ಕೇ ಬುಡ್ತಿರ್ನಿಲ್ಲ. ಇಲ್ಲಿ ಪಿಲ್ಟರ್ ನೀರ್ ಮಡಗಿವಿ.”

ಪಾರ್ಥಸಾರಥಿ ಕೇಳಿಸದವನಂತೆ ಕಂಪ್ಯೂಟರ್ ನೋಡಿದ. “ಹೆಸರೊಂದು… ಪಟ್ಟಲಮ್ಮ ಅಂದ್ರೆ ಈಗಿನ ಹುಡುಗೀರಿಗೆ ಹಿಡಿಸಲ್ಲ. ವೇದಿಕೆ ಮೇಲೆ ಪಲ್ಲವಿ ಅಂತೀವಿ. ಚೆನ್ನಾಗಿ ಮಾತಾಡಿ. ಸೋಮವಾರದಿಂದ ನಿಮ್ಮನ್ನ ಸ್ಯಾಂಪಲ್ ರೂಮಿಗೆ ಹಾಕ್ತೀನಿ.”

ಮಾದರಿ ಅಂಗಿ ಹೊಲಿಯುವ ಸ್ಯಾಂಪಲ್ ರೂಮಿಗೆ ಬಿಲ್ಲೆ ಇರಲಿಲ್ಲ. ಪಾಯಿಖಾನೆ ಅದರ ಪಕ್ಕಕ್ಕೇ ಇತ್ತು. ಬೇಕೆಂದಾಗ ಎದ್ದು ಹೋಗಬಹುದಿತ್ತು.

“ಆಯ್ತು ಸಾ” ಎಂದಳು ಪಟ್ಟಲಮ್ಮ.

ಸಂಜೆ ಮನೆಯಲ್ಲಿ ಮಗಳು ದೀಪಿಕ ಕಾದು ಕೂತಿದ್ದಳು. ಮೇಳದ ಆಟೋ ಕಾಲೋನಿಗೂ ಬಂದು ಕೂಗಿ ಹೋಗಿತ್ತು.

“ನಾನೂ ಸೇರ್ಕತೀನಿ ಕಣವ್ವ. ಇಬ್ರೂ ಒಂದೇ ಬಸ್ಸಲ್ಲಿ ಓಗಿ ಬರಾದು.”

“ನರ್ಸಿಂಗ್ ಅಂತಿದ್ದೆ?”

“ಅದ್ನ ಓದುಸಾಕೆ ಎಲ್ಲಿಂದ ತತ್ತೀಯ? ಪ್ಯಾನ್ ಕೆಳ್ಗೆ ಕುಂತು ಮಾಡೋ ಕೆಲ್ಸ ಅಂತ ನೀನೇ ಯೋಳ್ತಿದ್ಯಲ್ಲ.”

ಹೌದು, ಹೇಳಿದ್ದಳು. ಫ್ಯಾನಿನ ವಿಷಯ ಹೇಳಿದ್ದಳು, ಮನೆ ಹತ್ತಿರಕ್ಕೇ ಬರುವ ಬಸ್ಸಿನ ವಿಷಯ ಹೇಳಿದ್ದಳು. ಬಿಲ್ಲೆಯ ವಿಷಯ ಮಾತ್ರ ಎಂದೂ ಬಾಯಿಗೆ ಬಂದಿರಲಿಲ್ಲ. ಹೆತ್ತ ಮಗಳ ಮುಂದೆ ಆಡುವ ಮಾತೇ ಅದು? ಇವತ್ತಾದರೂ ಹೇಳಿಬಿಡೋಣ ಎಂದು ಪಟ್ಟಲಮ್ಮ ಬಾಯಿ ತೆರೆದಳು.

“ಸೊಪ್ಪು ಸೋಸ್ಕೊಡು” ಎಂದಳು.

ಹಲಗೂರಿನ ಬಸ್ ನಿಲ್ದಾಣದ ಪಕ್ಕದ ಸಮುದಾಯ ಭವನದಲ್ಲಿ ಭಾನುವಾರ ಮದುವೆಮನೆಯಂಥ ಗಲಾಟೆ. ಬಾಗಿಲಲ್ಲೇ ಪ್ರತಿ ಹುಡುಗಿಗೂ ಒಂದು ಗುಲಾಬಿ, ಕೊರಳಿಗೆ ‘ಸುಸ್ವಾಗತ’ ಎಂದು ಅಚ್ಚಾದ ಪಟ್ಟಿ. ಒಳಗೆ ವಡೆ, ಬಾದಾಮಿ ಹಾಲು. ಪಟ್ಟಲಮ್ಮನಿಗೆ ಕಂಪನಿಯವರೇ ಹೊಸ ಸೀರೆ ಉಡಿಸಿ ವೇದಿಕೆಯ ಮೇಲೆ ಕೂರಿಸಿದ್ದರು. ಕೈಗೊಂದು ದೊಡ್ಡ ಲೋಟ ನಿಂಬೆಹಣ್ಣಿನ ಪಾನಕ ಕೊಟ್ಟರು.

“ಕುಡೀರಿ ಮೇಡಂ, ನಗ್ತಾ ಕುಡೀರಿ” ಎಂದ ಫೋಟೋದವನು. ಕುಡಿದಳು. ಫೋಟೋ ಸರಿ ಬರಲಿಲ್ಲವೆಂದು ಮತ್ತೊಂದು ಲೋಟ ತಂದರು. ಅದನ್ನೂ ನಗುತ್ತ ಕುಡಿದಳು.

ಪಾರ್ಥಸಾರಥಿಯ ಭಾಷಣ ಮುಗಿಯಲೇ ಇಲ್ಲ. ಕೊನೆಗೊಮ್ಮೆ ಮೈಕು ಇವಳ ಕೈಗೆ ಬಂತು.

“ನನ್ನೆಸ್ರು ಪಲ್ಲವಿ…”

“ಯಾವಾಗ್ಲಿಂದಮ್ಮಿ?” ಕಾಲೋನಿಯ ಮಾಯಮ್ಮ ಹಿಂದಿನಿಂದ ಕೂಗಿದಳು. ಸಭೆಯೆಲ್ಲ ನಕ್ಕಿತು.

ಪಟ್ಟಲಮ್ಮ ಕಲಿಸಿದ್ದನ್ನು ತಪ್ಪದೆ ಒಪ್ಪಿಸಿದಳು. ಕಂಪನಿ ತವರುಮನೆ ಇದ್ದ ಹಾಗೆ, ಸಾಹೇಬರು ಅಣ್ಣಂದಿರಿದ್ದ ಹಾಗೆ. ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ಮುಂದಿನ ಸಾಲಿನಲ್ಲಿ ಪಟ್ಟಿ ಹಾಕಿಕೊಂಡು ಕೂತಿದ್ದ ದೀಪಿಕ.

ಆಗ ಕೆಳಹೊಟ್ಟೆ ಹಿಂಡಿ ಬಂತು. ತಾನು ಎಲ್ಲಿದ್ದೇನೆಂದು ಮೈಗೆ ನೆನಪಿರಲಿಲ್ಲ. ಪಟ್ಟಲಮ್ಮ ವೇದಿಕೆಯ ಮೂಲೆಯಲ್ಲಿದ್ದ ಚಲುವರಾಜುವಿನ ಮುಂದೆ ಹೋಗಿ ನಿಂತು ಕತ್ತು ಬಗ್ಗಿಸಿದಳು. ಮೈಕು ಕೈಯಲ್ಲೇ ಇತ್ತು.

“ಸಾ, ಬಿಲ್ಲೆ ಆಕಿ ಸಾ. ಉಚ್ಚೆಗೋಗ್ಬೇಕು.”

ಮಾತು ಬಸ್ ನಿಲ್ದಾಣದವರೆಗೂ ಕೇಳಿಸಿತು. ಚಲುವರಾಜುವಿನ ಕೈ ಕೂಡ ತಾನಾಗಿಯೇ ಮೇಲೆದ್ದು, ಇಲ್ಲದ ಮೊಳೆಯನ್ನು ಗಾಳಿಯಲ್ಲಿ ತಡಕಿತು. ಯಾರೋ ಕಿಸಕ್ಕೆಂದರು. ಪಟ್ಟಲಮ್ಮನ ಕತ್ತು ಬಾಗಿಯೇ ಇತ್ತು.

“ಅದು ಸೇಫ್ಟಿಗೆ…” ಎಂದು ಪಾರ್ಥಸಾರಥಿ ನಗಲು ನೋಡಿದ. “ಯಾರು ಎಲ್ಲಿದಾರೆ ಅಂತ ತಿಳೀಬೇಕಲ್ಲ…”

ದೀಪಿಕ ಎದ್ದು ನಿಂತಿದ್ದಳು. “ಯಾವ್ ಬಿಲ್ಲೆ ಅವ್ವ?”

ಏನೂ ಇಲ್ಲ ಮಗ ಎಂದಿದ್ದರೆ ಸಾಕಿತ್ತು, ನಾಳೆ ಸ್ಯಾಂಪಲ್ ರೂಮು. ಪಟ್ಟಲಮ್ಮ ಮಗಳ ಕೊರಳಿನ ಪಟ್ಟಿಯನ್ನು ನೋಡಿದಳು. ನೋಡುತ್ತಲೇ ಇದ್ದಳು.

“ತುಡುಗು ದನದ ಕತ್ಗೆ ಕೊರಡ್ ಕಟ್ಟಲ್ವಾ ಕಣಮ್ಮಿ, ಅಂಗೆ” ಎಂದಳು. “ಅದ ಆಕುಸ್ಕಂಡೇ ಓಗ್ಬೇಕು. ಅದ್ಕೇ ನಾನ್ ನೀರ್ ಕುಡಿಯಾದಿಲ್ಲ.”

ಮೈಕನ್ನು ಕುರ್ಚಿಯ ಮೇಲಿಟ್ಟು, ಯಾರನ್ನೂ ಕೇಳದೆ, ಮೆಟ್ಟಿಲಿಳಿದು ಭವನದ ಹಿಂದಿನ ಪಾಯಿಖಾನೆಗೆ ಹೋದಳು.

ವಾಪಸು ಬಂದಾಗ ಕೆಲವು ಕುರ್ಚಿಗಳ ಮೇಲೆ ಪಟ್ಟಿಗಳಷ್ಟೇ ಇದ್ದವು. ಕೆಲವು ಹುಡುಗಿಯರು ಪಟ್ಟಿ ಹಾಕಿಕೊಂಡು ತಲೆ ತಗ್ಗಿಸಿ ಕೂತೇ ಇದ್ದರು. ಅವರಿಗೂ ಬೇರೆ ದಾರಿ ಇದ್ದಿರಲಿಕ್ಕಿಲ್ಲ. ದೀಪಿಕ ತನ್ನದನ್ನು ಕಳಚಿ ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು.

ಸೋಮವಾರ ಬೆಳಿಗ್ಗೆ ಪಟ್ಟಲಮ್ಮ ಅದೇ ಏಳನೇ ಲೈನಿನಲ್ಲಿ, ಅದೇ ಮಿಷನ್ನಿನ ಮುಂದೆ ಕೂತಳು. ಮೊಳೆ ಬರಿದಾಗಿತ್ತು.

“ಈ ಲೈನ್ಗೆ ಇನ್ ಬಿಲ್ಲೇನೇ ಇಲ್ಲ ಕಣ್ರಮ್ಮಿ” ಎಂದ ಚಲುವರಾಜು. “ನಿಮ್ ಪಲ್ಲವಿ ಮೇಡಮ್ಗೆ ಅದ ಆಕಂಡ್ರೆ ಅವ್ಮಾನ ಆಯ್ತದಂತೆ. ಸಂಜೆಗಂಟ ಆರಾಮಾಗಿ ಕುಂತಿರಿ ಲೌಡೀರಾ.”

“ನಿನ್ ಬಾಯಿಗ್ ಮಣ್ಣಾಕ” ಎಂದಳು ಹಿಂದಿನ ಮಿಷನ್ನಿನ ಮೋಹಿನಿ, ಪಟ್ಟಲಮ್ಮನ ಕಡೆ ಹಲ್ಲು ಕಚ್ಚಿಕೊಂಡು. “ಒಂದ್ ಬಿಲ್ಲೆನಾರ ಇತ್ತು. ಅದ್ನೂ ಕಳ್ದಲ್ಲೇ ಮುಂಡೆ.”

ಪಟ್ಟಲಮ್ಮ ತಿರುಗಲಿಲ್ಲ. ಕಾಲ ಬಳಿ ಬಾಟಲಿ ಇತ್ತು. ಬೆಳಿಗ್ಗೆ ದೀಪಿಕ ಅದನ್ನು ಕಂಠದವರೆಗೆ ತುಂಬಿ ಚೀಲಕ್ಕಿಟ್ಟಿದ್ದಳು. ಪಟ್ಟಲಮ್ಮ ಅದನ್ನೆತ್ತಿ ಮುಚ್ಚಳ ತೆಗೆದಳು. ಚಲುವರಾಜುವನ್ನೇ ನೋಡುತ್ತ ಗಟಗಟನೆ ಕುಡಿಯತೊಡಗಿದಳು. ಗದ್ದದಿಂದ ಇಳಿದ ನೀರು ರವಿಕೆಯನ್ನು ನೆನೆಸಿತು. ಕೊನೆಯ ಹನಿಯವರೆಗೂ ನಿಲ್ಲಿಸಲಿಲ್ಲ.

“ಏಯ್! ಯಾಕಮ್ಮಿ ಅಂಗ್ ಕುಡೀತಿದ್ದೀಯ? ಆಮೇಲ್ ಎಲ್ಗೋಯ್ತೀಯ?”

ಪಟ್ಟಲಮ್ಮ ಬಾಯಿ ಒರೆಸಿಕೊಂಡಳು.

“ಎಲ್ಗೂ ಓಗಲ್ಲ ಸಾ. ಇಲ್ಲೇ.”

ಖಾಲಿ ಬಾಟಲಿಯನ್ನು ಮಿಷನ್ನಿನ ಮೇಲೆ ನಿಲ್ಲಿಸಿ, ಬಿಳಿ ಅಂಗಿಯ ತೋಳನ್ನು ಸೂಜಿಯಡಿ ಇಟ್ಟಳು. ಬೆನ್ನ ಹಿಂದೆ ಮೋಹಿನಿಯ ಮಿಷನ್ ನಿಂತಿತು. ಆಮೇಲೆ, ಈ ಲೈನಿನಲ್ಲಿ ಎಂದೂ ತೆರೆಯದಿದ್ದ ಬಾಟಲಿಯ ಮುಚ್ಚಳವೊಂದು ಕರಕ್ಕೆಂದು ತಿರುಗಿತು.