ತುತ್ತೂರಿ ಗಿಡದ ರಸ

ನಮ್ಮ ಯಜಮಾನರು ನಿವೃತ್ತ ಹೆಡ್‌ಮೇಷ್ಟ್ರು. ಸ್ಕೂಲು ಅವರನ್ನು ಬಿಟ್ಟರೂ ಅವರು ಸ್ಕೂಲನ್ನು ಬಿಟ್ಟಿಲ್ಲ. ಮನೆಯಲ್ಲಿ ನಾನೊಬ್ಬಳೇ ವಿದ್ಯಾರ್ಥಿನಿ, ಅದೂ ದಿನಾ ಫೇಲು. ಮಗಳು ಬಸ್ ಡ್ರೈವರನ್ನು ಮದುವೆಯಾದಳು ಅಂತ, ಹೊಸಿಲು ತುಳಿಯಕೂಡದು ಎಂದುಬಿಟ್ಟರು. ನಾನು ಅವಳ ಮುಖ ನೋಡಿ ಎರಡು ವರ್ಷ. ಕದ್ದು ಹೋಗಿ ನೋಡುವ ಧೈರ್ಯ ನನಗೂ ಇರಲಿಲ್ಲ ಅನ್ನಿ.

ಅವತ್ತು ಬೆಳಿಗ್ಗೆ ಗೇಟಿನ ಪಕ್ಕದ ತುತ್ತೂರಿ ಗಿಡ ಸವರಲು ಹೊರಟರು. ತಲೆಕೆಳಗಾಗಿ ಜೋತುಬೀಳುವ ಹಳದಿ ಹೂವು. ದತ್ತೂರಿಯ ನೆಂಟ, ಬೇರಿಂದ ತುದಿವರೆಗೂ ವಿಷ. ಮದುವೆಗೆ ಮುಂಚೆ ಎಂಟು ವರ್ಷ ನರ್ಸರಿಯಲ್ಲಿ ಸಸಿ ಬೆಳೆಸಿದವಳು ನಾನು. "ಗ್ಲೌಸ್ ಹಾಕ್ಕೊಳ್ಳಿ, ರಸ ಕಣ್ಣಿಗೆ ತಾಗಬಾರದು" ಅಂದೆ.

"ನನಗೇ ಪಾಠ ಹೇಳೋಕೆ ಬಂದ್ಯಾ?" ಅಂದರು.

ಹಾಳಾಗಿ ಹೋಗಲಿ ಅಂತ ಒಳಗೆ ಬಂದೆ. ಕಿಟಕಿಯಿಂದ ನೋಡಿದರೆ ರಸ ಮೆತ್ತಿದ ಬರಿಗೈಯಲ್ಲೇ ಎಡಗಣ್ಣು ಚೆನ್ನಾಗಿ ಉಜ್ಜಿಕೊಳ್ಳುತ್ತಿದ್ದರು.

ಹನ್ನೊಂದು ಗಂಟೆಗೆ ಕನ್ನಡಿ ಮುಂದೆ ನಿಂತು ಕೂಗಿಕೊಂಡರು. ಎಡಗಣ್ಣಿನ ಪಾಪೆ ಬಲಗಣ್ಣಿನದಕ್ಕಿಂತ ಎರಡರಷ್ಟು ಅಗಲವಾಗಿತ್ತು. ಪೇಪರಿನ ಅಕ್ಷರ ಕಾಣುತ್ತಿರಲಿಲ್ಲ. "ಮೆದುಳಲ್ಲಿ ರಕ್ತನಾಳ ಒಡೆದಿದೆ ಕಣೇ, ನನ್ನ ಕಥೆ ಮುಗೀತು." ಮೂವತ್ತು ವರ್ಷ ಮಕ್ಕಳನ್ನು ನಡುಗಿಸಿದವರು ನನ್ನ ಸೆರಗು ಹಿಡಿದುಕೊಂಡರು.

ನನಗೆ ನೋಡಿದ ಕೂಡಲೇ ಗೊತ್ತಾಯಿತು. ನರ್ಸರಿಯಲ್ಲಿ ಎಷ್ಟೋ ಜನರಿಗೆ ಹೀಗೇ ಆಗಿತ್ತು. ಎರಡು ಮೂರು ದಿನಕ್ಕೆ ತಾನೇ ಇಳಿಯುತ್ತದೆ. ಹೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವರು, "ಮಗಳಿಗೆ ಫೋನ್ ಮಾಡು. ಅಳಿಯನನ್ನೂ ಕರ್ಕೊಂಡು ಬರಲಿ" ಅಂದರು.

ತೆರೆದ ಬಾಯಿ ಮುಚ್ಚಿಕೊಂಡು ಫೋನ್ ಎತ್ತಿಕೊಂಡೆ.

ಆಸ್ಪತ್ರೆಯಲ್ಲಿ ಮಗಳ ಕೈ ಹಿಡಿದು ಗಳಗಳ ಅತ್ತರು. "ತಪ್ಪೆಲ್ಲ ನಂದೇ ಕಣಮ್ಮ" ಅಂದರು. ಅಳಿಯ ಪಾಪ, ಅವರ ಬೆನ್ನು ಸವರುತ್ತ ನಿಂತಿದ್ದ. ನಾನು ಮಗಳನ್ನು ಕಣ್ತುಂಬ ನೋಡಿದೆ. ತೆಳ್ಳಗಾಗಿದ್ದಳು.

ಡಾಕ್ಟರು ಸ್ಕ್ಯಾನ್ ನೋಡಿ, "ಬೆಳಿಗ್ಗೆ ಯಾವುದಾದ್ರೂ ಗಿಡ ಕತ್ತರಿಸಿದ್ರಾ?" ಎಂದು ಕೇಳಿದರು. ಇವರು ತುತ್ತೂರಿ ಗಿಡ ಅಂದಿದ್ದಕ್ಕೆ ಡಾಕ್ಟರು ನಕ್ಕುಬಿಟ್ಟರು. "ನಿಮಗೇನೂ ಆಗಿಲ್ಲ. ಅದರ ರಸ ಕಣ್ಣಿಗೆ ಹೋಗಿದೆ, ಅಷ್ಟೇ."

ಯಜಮಾನರು ಎದ್ದು ಕೂತರು. ಶರ್ಟಿನ ಗುಂಡಿ ಹಾಕಿಕೊಂಡರು. ಮಗಳ ಕೈಯಿಂದ ತಮ್ಮ ಕೈ ಬಿಡಿಸಿಕೊಂಡು, "ಸರಿ, ನೀವಿನ್ನು ಹೊರಡಿ" ಅಂದರು. ಥೂ, ಜೀವ ಉಳಿಯಿತು ಅಂತ ಗೊತ್ತಾದ ಐದೇ ನಿಮಿಷಕ್ಕೆ ಮನುಷ್ಯ ಇಷ್ಟು ಸಣ್ಣವನಾಗಬಹುದಾ?

ಮಗಳು ಬ್ಯಾಗು ಎತ್ತಿಕೊಂಡು ಎದ್ದಳು. ಅವಳ ಹಿಂದೆ ನಾನೂ ಎದ್ದೆ.

"ನೀನೆಲ್ಲಿಗೆ?" ಅಂದರು.

"ಮಗಳ ಮನೆಗೆ. ನಿಮ್ಮ ಕಣ್ಣು ಎರಡು ದಿನದಲ್ಲಿ ಸರಿಹೋಗುತ್ತೆ" ಅಂದೆ. "ನನಗೆ ಹನ್ನೊಂದು ಗಂಟೆಗೇ ಗೊತ್ತಿತ್ತು."